ಪರವೂರಲ್ಲಿ ಮಾತ್ರೆ ಇಲ್ಲದಾದಾಗ: ಮೊದಲು ಹೆಸರು, ಆಮೇಲೆ ಅಂಗಡಿ

ಬ್ಯಾಗಿನ ಜಿಪ್ಪುಗಳನ್ನೆಲ್ಲ ತೆಗೆದು ನೋಡಿದ್ದಾಯಿತು. ಮಾತ್ರೆ ಡಬ್ಬಿ ಮನೆಯ ಫ್ರಿಜ್ ಮೇಲೆಯೇ ಉಳಿದಿದೆ. ಇಂಥ ಹೊತ್ತಿನಲ್ಲಿ ಬಹಳ ಜನ ನೇರವಾಗಿ ಹತ್ತಿರದ ಮೆಡಿಕಲ್ ಶಾಪಿಗೆ ಓಡಿ "ಬಿಪಿ ಮಾತ್ರೆ ಕೊಡಿ, ಚಿಕ್ಕದು, ಬಿಳೀದು" ಅನ್ನುತ್ತಾರೆ. ಬಿಪಿಗೆ ಹತ್ತಾರು ಔಷಧಗಳಿವೆ, ಒಂದೊಂದಕ್ಕೂ ಹತ್ತಾರು ಕಂಪನಿಗಳಿವೆ, ಚಿಕ್ಕ ಬಿಳಿ ಮಾತ್ರೆಗಳಂತೂ ಲೆಕ್ಕವಿಲ್ಲದಷ್ಟು. ಮೆಡಿಕಲ್ ಶಾಪ್ ಇಲ್ಲದ ಪೇಟೆ ನಮ್ಮ ದೇಶದಲ್ಲಿ ಸಿಗುವುದು ಕಷ್ಟ. ಕೈಯಲ್ಲಿ ಇರದೆ ಹೋಗುವುದು ಮಾತ್ರೆಯ ಸರಿಯಾದ ಹೆಸರು. ಅದು ಸಿಕ್ಕರೆ ಮಿಕ್ಕ ಕೆಲಸ ಒಂದೆರಡು ಗಂಟೆಯದ್ದು.

ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ

ಓಡಾಡುವ ಮೊದಲು ಎಷ್ಟು ಅವಸರ ಇದೆ ಎಂದು ತಿಳಿಯಬೇಕು. ಥೈರಾಯ್ಡ್ ಮಾತ್ರೆಯ ಅಂಶ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಎರಡು ದಿನ ತಪ್ಪಿದರೆ ಅಪಾಯವಾಗುವುದಿಲ್ಲ. ಕೊಲೆಸ್ಟರಾಲ್ ಮಾತ್ರೆ, ಕ್ಯಾಲ್ಸಿಯಂ, ವಿಟಮಿನ್ ಕೂಡ ಹಾಗೆಯೇ. ಬಿಪಿಯ ಆಮ್ಲೋಡಿಪಿನ್ ದೇಹದಲ್ಲಿ ನಿಧಾನವಾಗಿ ಕರಗುತ್ತದೆ, ಒಂದು ದಿನ ತಪ್ಪಿದರೆ ಗಾಬರಿ ಬೇಡ. ಶುಗರ್ ಹಿಡಿತದಲ್ಲಿರುವವರು ಮೆಟ್‌ಫಾರ್ಮಿನ್ ಒಂದು ದಿನ ಬಿಟ್ಟರೆ ಸಕ್ಕರೆ ಸ್ವಲ್ಪ ಏರುತ್ತದೆ, ಅಷ್ಟೇ. ಇವನ್ನು ಮರುದಿನ ಬೆಳಿಗ್ಗೆ ಹುಡುಕಿಕೊಂಡರೂ ನಡೆದೀತು.

ಕೆಳಗಿನವನ್ನು ಮಾತ್ರ ಅದೇ ದಿನ, ಕೆಲವನ್ನು ಅದೇ ಗಂಟೆಯಲ್ಲಿ ಸಂಪಾದಿಸಬೇಕು:

ಫಿಟ್ಸ್ ಮಾತ್ರೆಗಳು (ಎಪ್ಟಾಯಿನ್, ಲೆವಿಪಿಲ್, ಟೆಗ್ರಿಟಾಲ್, ವಾಲ್ಪಾರಿನ್ ಇತ್ಯಾದಿ). ಒಂದೆರಡು ಹೊತ್ತು ತಪ್ಪಿದರೂ ಫಿಟ್ಸ್ ಬರಬಹುದು. ಪ್ರಯಾಣದ ನಿದ್ದೆಗೇಡು ಅದಕ್ಕೆ ಇನ್ನೂ ದಾರಿ ಮಾಡಿಕೊಡುತ್ತದೆ.

ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಟಿಕಾಗ್ರೆಲೋರ್. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಇವು ನಿಂತರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್, ವಾರ್ಫರಿನ್, ಎಪಿಕ್ಸಾಬಾನ್, ರಿವರೊಕ್ಸಾಬಾನ್, ಡಾಬಿಗಟ್ರಾನ್. ಹೃದಯದಲ್ಲಿ ಲೋಹದ ವಾಲ್ವ್ ಇರುವವರು ಒಂದು ಹೊತ್ತನ್ನೂ ಹಗುರವಾಗಿ ತೆಗೆದುಕೊಳ್ಳಬಾರದು.

ಬೀಟಾ ಬ್ಲಾಕರ್‌ಗಳು, ಅಂದರೆ ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್. ಇವನ್ನು ಥಟ್ಟನೆ ನಿಲ್ಲಿಸಿದರೆ ಎದೆಬಡಿತ ಏರುತ್ತದೆ, ಹೃದ್ರೋಗಿಗಳಿಗೆ ಎದೆನೋವು ಬರಬಹುದು. ಕಿಡ್ನಿ ತೊಂದರೆಯವರಿಗೆ ಹೆಚ್ಚಾಗಿ ಕೊಡುವ ಆರ್ಕಮಿನ್, ಅಂದರೆ ಕ್ಲೋನಿಡಿನ್, ನಿಂತರೆ ಒಂದೆರಡು ದಿನದಲ್ಲಿ ಬಿಪಿ ಮೊದಲಿಗಿಂತ ಮೇಲಕ್ಕೆ ಹಾರುತ್ತದೆ.

ಮೂರು ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್ (ವೈಸೊಲೋನ್, ಓಮ್ನಾಕಾರ್ಟಿಲ್). ಅಷ್ಟು ದಿನದಲ್ಲಿ ದೇಹ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನು ತಗ್ಗಿಸಿರುತ್ತದೆ. ಮಾತ್ರೆ ನಿಂತಾಗ ವಾಂತಿ, ಸುಸ್ತು, ಬಿಪಿ ಕುಸಿತ ಕಾಣಿಸಿಕೊಳ್ಳಬಹುದು.

ಕಿಡ್ನಿ ಅಥವಾ ಲಿವರ್ ಕಸಿ ಆದವರ ಟ್ಯಾಕ್ರೊಲಿಮಸ್, ಪಾರ್ಕಿನ್‌ಸನ್ಸ್‌ನ ಸಿಂಡೋಪಾ, ಆತಂಕಕ್ಕೋ ನಿದ್ದೆಗೋ ದಿನವೂ ತೆಗೆದುಕೊಳ್ಳುವ ಆಲ್‌ಪ್ರಜೊಲಾಮ್‌ನಂಥ ಮಾತ್ರೆ, ಮತ್ತು ಇನ್ಸುಲಿನ್.

ಈ ಪಟ್ಟಿಯಲ್ಲಿರುವುದು ತಪ್ಪಿಹೋಗಿದ್ದು, ಜೊತೆಗೆ ಎದೆನೋವು, ಮಾತು ತೊದಲುವುದು, ಕೈಕಾಲು ಬಲ ಕಳೆದುಕೊಳ್ಳುವುದು, ಫಿಟ್ಸ್, ಉಸಿರಾಟದ ಕಷ್ಟ, ಇಲ್ಲವೇ ಶುಗರ್ 300 ದಾಟಿ ವಾಂತಿ, ಇವುಗಳಲ್ಲಿ ಯಾವುದಾದರೂ ಕಂಡರೆ ಮಾತ್ರೆ ಹುಡುಕುತ್ತಾ ಕೂರಬೇಡಿ. 108 ಅಥವಾ 112ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ.

ಹೆಸರು ಹಿಡಿಯುವುದು

ಮನೆಯಲ್ಲಿ ಯಾರಾದರೂ ಇದ್ದರೆ, ಅಥವಾ ಪಕ್ಕದ ಮನೆಯವರ ಹತ್ತಿರ ಕೀಲಿ ಇದ್ದರೆ, ಸ್ಟ್ರಿಪ್‌ನ ಫೋಟೊ ತೆಗೆದು ಕಳಿಸಲು ಹೇಳಿ. ಮಾತ್ರೆಗಳು ಉಬ್ಬಿ ಕಾಣುವ ಮುಂಭಾಗ ಬೇಡ. ಹಿಂಭಾಗದ ಬೆಳ್ಳಿಹಾಳೆಯ ಮೇಲೆ ಅಕ್ಷರಗಳಿವೆಯಲ್ಲ, ಆ ಬದಿ ಬೇಕು. ಫ್ಲ್ಯಾಶ್ ಹಾಕಿದರೆ ಹಾಳೆ ಫಳಫಳ ಹೊಳೆದು ಒಂದಕ್ಷರವೂ ಕಾಣುವುದಿಲ್ಲ. ಕಿಟಕಿಯ ಹತ್ತಿರ ಹಿಡಿದು, ಫ್ಲ್ಯಾಶ್ ಆರಿಸಿ, ಎರಡು ಕೋನದಿಂದ ತೆಗೆಯಲಿ. ಅರ್ಧ ಮುಗಿದ ಸ್ಟ್ರಿಪ್‌ನಲ್ಲಿ ಹೆಸರು ಹರಿದುಹೋಗಿರಬಹುದು, ಆಗ ಹೊಸ ಸ್ಟ್ರಿಪ್ ಅಥವಾ ರಟ್ಟಿನ ಪೆಟ್ಟಿಗೆ ಹುಡುಕಿಸಿ. 2023ರ ಆಗಸ್ಟ್ 1ರಿಂದ 300 ಹೆಚ್ಚು ಮಾರಾಟದ ಬ್ರಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಫೋಟೊದಲ್ಲಿ ಆ ಚೌಕ ಸ್ಪಷ್ಟವಾಗಿ ಬಂದರೆ ಅದರಿಂದಲೇ ಔಷಧದ ಹೆಸರು, ಕಂಪನಿ, ಬ್ಯಾಚ್ ತಿಳಿಯುತ್ತದೆ.

ಮನೆಗೆ ಬೀಗ ಹಾಕಿದ್ದರೆ ನೀವು ಪ್ರತಿ ತಿಂಗಳು ಮಾತ್ರೆ ಕೊಳ್ಳುವ ಮೆಡಿಕಲ್‌ನವರಿಗೆ ಫೋನ್ ಮಾಡಿ. ಮೊಬೈಲ್ ನಂಬರ್ ಹಾಕಿ ಬಿಲ್ ಮಾಡುವ ಅಂಗಡಿಯಾದರೆ ಹಳೆಯ ಬಿಲ್ ಅವರ ಕಂಪ್ಯೂಟರ್‌ನಲ್ಲಿರುತ್ತದೆ, ಅದನ್ನೇ ವಾಟ್ಸಾಪ್ ಮಾಡಲು ಹೇಳಿ. ಆನ್‌ಲೈನ್‌ನಲ್ಲಿ ತರಿಸುವವರು ಆ್ಯಪಿನ ಹಳೆಯ ಆರ್ಡರ್ ತೆರೆದು ನೋಡಿ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್‌ಚಾರ್ಜ್ ಸಮ್ಮರಿಯನ್ನು ಮಗನಿಗೋ ಮಗಳಿಗೋ ಎಂದೋ ಕಳಿಸಿದ್ದು ವಾಟ್ಸಾಪ್‌ನಲ್ಲಿ ಉಳಿದಿರುತ್ತದೆ, ಅದನ್ನೂ ಮರೆಯಬೇಡಿ.

ಬಣ್ಣ, ಆಕಾರ ನೆಚ್ಚಿಕೊಳ್ಳಬೇಡಿ. ಅಮೆರಿಕದಲ್ಲಿ ಮಾತ್ರೆಯ ಮೇಲೆಯೇ ಗುರುತಿನ ಅಚ್ಚು ಇರುತ್ತದೆ. ನಮ್ಮಲ್ಲಿ ಬಹುಪಾಲು ಮಾತ್ರೆಗಳು ಬೋಳು. ಡಬ್ಬಿಯಲ್ಲಿ ಬಿಡಿಯಾಗಿ ಬಿದ್ದಿರುವ ಮಾತ್ರೆಯ ಫೋಟೊ ನೋಡಿ ಯಾರೂ ಖಚಿತವಾಗಿ ಹೇಳಲಾರರು.

ಹೆಸರು ಅಂದರೆ ಮೂರು ಸಂಗತಿ: ಒಳಗಿನ ಔಷಧದ ಹೆಸರು, ಪವರ್, ಮತ್ತು ಬ್ರಾಂಡಿನ ಬಾಲಕ್ಕೆ ಅಂಟಿದ ಅಕ್ಷರ. ಈ ಬಾಲದ ಅಕ್ಷರದಲ್ಲೇ ಹೆಚ್ಚು ತಪ್ಪುಗಳಾಗುವುದು. ಬಿಪಿಯ ಟೆಲ್ಮಾ 40ರಲ್ಲಿ ಟೆಲ್ಮಿಸಾರ್ಟನ್ ಒಂದೇ ಇದೆ. ಟೆಲ್ಮಾ-ಎಚ್‌ನಲ್ಲಿ ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೊಕ್ಲೊರೊಥಯಜೈಡ್, ಟೆಲ್ಮಾ-ಎಎಂನಲ್ಲಿ ಆಮ್ಲೋಡಿಪಿನ್. ಗ್ಲೈಕೊಮೆಟ್ ಅಂದರೆ ಬರೀ ಮೆಟ್‌ಫಾರ್ಮಿನ್. ಗ್ಲೈಕೊಮೆಟ್ ಜಿಪಿ-1ರಲ್ಲಿ ಗ್ಲಿಮೆಪಿರೈಡ್ 1 ಮಿಲಿಗ್ರಾಂ ಸೇರಿದೆ, ಜಿಪಿ-2ರಲ್ಲಿ ಅದು 2 ಮಿಲಿಗ್ರಾಂ. ಜಿಪಿ-1ರವರು ಜಿಪಿ-2 ನುಂಗಿ, ದೇವಸ್ಥಾನದ ಕ್ಯೂನಲ್ಲಿ ಊಟ ತಡವಾದರೆ, ಶುಗರ್ ಇಳಿದು ಕುಸಿದು ಬೀಳಬಹುದು. ಎಸ್‌ಆರ್, ಎಕ್ಸ್‌ಆರ್, ಎಕ್ಸ್‌ಎಲ್, ಸಿಆರ್, ಕ್ರೊನೊ ಎಂಬ ಬಾಲಗಳು ಔಷಧ ನಿಧಾನವಾಗಿ ಬಿಡುಗಡೆಯಾಗುತ್ತದೆ ಎಂದು ಹೇಳುತ್ತವೆ. ಅದರ ಬದಲು ಸಾದಾ ಮಾತ್ರೆ ಕೊಟ್ಟರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಥೈರಾಯ್ಡ್ ಮಾತ್ರೆಯ ಅಳತೆ ಮೈಕ್ರೊಗ್ರಾಂನಲ್ಲಿ, 25, 50, 62.5, 75, 88, 100 ಹೀಗೆ. 88 ತೆಗೆದುಕೊಳ್ಳುವವರು "ತೊಂಬತ್ತರ ಹತ್ತಿರ ಏನೋ" ಅಂದರೆ ಸಾಲದು.

ಸಿಕ್ಕ ವಿವರವನ್ನು ಫೋನಿನಲ್ಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಟೈಪ್ ಮಾಡಿ ಇಟ್ಟುಕೊಳ್ಳಿ. ವಾರಾಣಸಿಯಲ್ಲೋ ಹರಿದ್ವಾರದಲ್ಲೋ ಹಿಂದಿ ಬಾರದೆ ತಡವರಿಸುವುದಕ್ಕಿಂತ ಪರದೆ ತೋರಿಸುವುದು ಸಲೀಸು, ತಪ್ಪೂ ಕಡಿಮೆ.

ಚೀಟಿ ಎಲ್ಲಿ ಸಿಗುತ್ತದೆ

ಸ್ಟ್ರಿಪ್‌ನ ಹಿಂದೆ ಆರ್‌ಎಕ್ಸ್ ಗುರುತು, ಜೊತೆಗೆ ಕೆಂಪು ಗೆರೆ ಇದ್ದರೆ ಅದು ಚೀಟಿ ಬೇಕಾದ ಔಷಧ. ಬಿಪಿ, ಶುಗರ್, ಹೃದಯ, ಫಿಟ್ಸ್ ಮಾತ್ರೆಗಳು ಬಹುತೇಕ ಇದೇ ಗುಂಪಿನವು. ಎನ್‌ಆರ್‌ಎಕ್ಸ್ ಎಂದಿದ್ದರೆ ಅಮಲು ಮತ್ತು ಮನಸ್ಸಿನ ಮೇಲೆ ಪರಿಣಾಮ ಮಾಡುವ ಔಷಧಗಳ ಕಾನೂನಿಗೆ ಸೇರಿದ್ದು, ಎಕ್ಸ್‌ಆರ್‌ಎಕ್ಸ್ ಎಂದರೆ ಇನ್ನೂ ಬಿಗಿ. ಆಲ್‌ಪ್ರಜೊಲಾಮ್, ಜೋಲ್ಪಿಡೆಮ್, ಟ್ರಮಡಾಲ್‌ನಂಥವು ಶೆಡ್ಯೂಲ್ ಎಚ್1 ಎಂಬ, ಹೆಚ್ಚು ನಿಗಾ ಇಟ್ಟು ಮಾರಬೇಕಾದ ಔಷಧಗಳ ಪಟ್ಟಿಯಲ್ಲಿವೆ. ಇವನ್ನು ಮಾರಿದಾಗ ಅಂಗಡಿಯವರು ನಿಮ್ಮ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಅವರು ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರೆ ಅದು ಮೊಂಡುತನವಲ್ಲ, ಜಗಳ ಮಾಡಬೇಡಿ.

ಎಲ್ಲಕ್ಕಿಂತ ಸುಲಭ ದಾರಿ ನಿಮ್ಮ ಡಾಕ್ಟರೇ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ನೋಂದಾಯಿತ ಡಾಕ್ಟರು ದೇಶದ ಯಾವ ಮೂಲೆಯಲ್ಲಿರುವ ರೋಗಿಗೂ ಫೋನ್ ಅಥವಾ ವಿಡಿಯೊದಲ್ಲಿ ಸಲಹೆ ಕೊಟ್ಟು, ಚೀಟಿಯ ಫೋಟೊ ಅಥವಾ ಪಿಡಿಎಫ್ ಕಳಿಸಬಹುದು. ಮೊದಲೇ ನಡೆಯುತ್ತಿರುವ ಔಷಧ ಮುಂದುವರಿಸುವುದಕ್ಕೆ ಇದು ಹೇಳಿ ಮಾಡಿಸಿದಂತಿದೆ. ಡಾಕ್ಟರಿಗೆ ಬರೀ "ಮಾತ್ರೆ ಮರೆತೆ" ಎಂದು ಬರೆದರೆ ನಾಲ್ಕು ಸಲ ತಿರುಗಿ ಕೇಳಬೇಕಾಗುತ್ತದೆ. ಒಂದೇ ಸಂದೇಶದಲ್ಲಿ ಹೀಗೆ ಹಾಕಿ:

"ನಮಸ್ಕಾರ ಡಾಕ್ಟರೇ. ನಾನು ನಿಮ್ಮ ಪೇಷಂಟ್ ಇಂಥವರು, ವಯಸ್ಸು 64, ಫೈಲ್ ನಂಬರ್ ಇಷ್ಟು. ಈಗ ವಾರಾಣಸಿಯಲ್ಲಿದ್ದೇನೆ. ಮೆಟೊಪ್ರೊಲಾಲ್ ಎಕ್ಸ್‌ಎಲ್ 50, ಎಕೊಸ್ಪ್ರಿನ್ 75 ಮನೆಯಲ್ಲೇ ಉಳಿದಿವೆ. ನಿನ್ನೆ ಬೆಳಿಗ್ಗೆ 8ಕ್ಕೆ ತಗೊಂಡಿದ್ದೇ ಕೊನೆ. ಈಗ ಬಿಪಿ ಇಷ್ಟು. ಸಲ್ಫಾ ಅಲರ್ಜಿ ಇದೆ. ಊರಿಗೆ ಬರಲು ಆರು ದಿನ ಆಗುತ್ತೆ. ಚೀಟಿ ಕಳಿಸ್ತೀರಾ?"

ಬಂದ ಚೀಟಿಯಲ್ಲಿ ಡಾಕ್ಟರ ಹೆಸರು, ನೋಂದಣಿ ಸಂಖ್ಯೆ, ಸಹಿ, ತಾರೀಕು, ನಿಮ್ಮ ಹೆಸರು, ವಯಸ್ಸು, ದಿನಕ್ಕೆಷ್ಟು, ಎಷ್ಟು ದಿನಕ್ಕೆ ಎಂಬುದೆಲ್ಲ ಇದೆಯೇ ನೋಡಿ. ಔಷಧದ ಮೂಲ ಹೆಸರನ್ನೇ ಬರೆಯಲು ಕೇಳಿ. ಇದಕ್ಕೆ ಕಾರಣವಿದೆ: ಚೀಟಿಯಲ್ಲಿ ಒಂದು ಬ್ರಾಂಡ್ ಇದ್ದರೆ ಅದರ ಬದಲು ಇನ್ನೊಂದು ಬ್ರಾಂಡ್ ಕೊಡುವ ಅಧಿಕಾರ ನಮ್ಮ ಔಷಧ ನಿಯಮಗಳಲ್ಲಿ ಅಂಗಡಿಯವರಿಗಿಲ್ಲ. ಬೆಂಗಳೂರಿನಲ್ಲಿ ಎಲ್ಲೆಡೆ ಸಿಗುವ ಬ್ರಾಂಡ್ ಬಿಹಾರದ ಪೇಟೆಯಲ್ಲಿ ಸಿಗದೇ ಇರಬಹುದು. ಮೂಲ ಹೆಸರಿದ್ದರೆ ಆ ತೊಡಕಿಲ್ಲ. ಮಾರ್ಫಿನ್, ಮಿಥೈಲ್‌ಫೆನಿಡೇಟ್, ಆಲ್‌ಪ್ರಜೊಲಾಮ್‌ನಂಥವನ್ನು ಮಾತ್ರ ಫೋನಿನ ಮೇಲೆ ಬರೆಯುವಂತಿಲ್ಲ. ಅದಕ್ಕೆ ಅಲ್ಲೇ ಡಾಕ್ಟರನ್ನು ಕಾಣಲೇಬೇಕು.

ನಿಮ್ಮ ಡಾಕ್ಟರು ಸಿಗದಿದ್ದರೆ ಸರ್ಕಾರದ ಇ-ಸಂಜೀವಿನಿ ಇದೆ. ಮೊಬೈಲ್ ನಂಬರಿಗೆ ಬರುವ ಒಟಿಪಿಯಿಂದ ನೋಂದಣಿ, ಶುಲ್ಕವಿಲ್ಲ, ಮಾತಾದ ಮೇಲೆ ಚೀಟಿ ಫೋನಿಗೇ ಬರುತ್ತದೆ. ಕರ್ನಾಟಕದೊಳಗಿದ್ದರೆ 104ಕ್ಕೆ ಫೋನ್ ಮಾಡಿ ಸಲಹೆ ಕೇಳಬಹುದು, ನಗರಗಳಲ್ಲಿ ಸರ್ಕಾರದ 'ನಮ್ಮ ಕ್ಲಿನಿಕ್' ಎಂಬ ಚಿಕಿತ್ಸಾಲಯಗಳಿವೆ. ಮಾನಸಿಕ ಆರೋಗ್ಯದ ಮಾತ್ರೆ ತಪ್ಪಿ ಕಂಗೆಟ್ಟಿದ್ದರೆ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ರಾತ್ರಿ ಹೊತ್ತಿನಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಕ್ಯಾಶುವಾಲ್ಟಿಯ ಡ್ಯೂಟಿ ಡಾಕ್ಟರನ್ನು ಕಾಣಿ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್‌ನಂಥ ಸಾಮಾನ್ಯ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗುವುದುಂಟು.

ಅಂಗಡಿಯಲ್ಲಿ

ದೊಡ್ಡ ಸರ್ಕಾರಿ ಆಸ್ಪತ್ರೆಯ ಗೇಟಿನ ಎದುರು ಹೋಗಿ. ರಾತ್ರಿಯೂ ತೆರೆದಿರುವ ಅಂಗಡಿ, ಅಪರೂಪದ ಔಷಧ ಎರಡೂ ಅಲ್ಲೇ ಸಿಗುವ ಸಂಭವ ಹೆಚ್ಚು. ವಾರಾಣಸಿಯಲ್ಲಾದರೆ ಬಿಎಚ್‌ಯು (ಬನಾರಸ್ ಹಿಂದೂ ವಿಶ್ವವಿದ್ಯಾಲಯ) ಗೇಟಿನ ಹೊರಗಿನ ಲಂಕಾ ಬಡಾವಣೆ, ಬೆಂಗಳೂರಿನಲ್ಲಿ ಫಿಟ್ಸ್ ಮತ್ತು ಮನೋರೋಗದ ಮಾತ್ರೆಗೆ ನಿಮ್ಹಾನ್ಸ್ ಸುತ್ತಮುತ್ತ, ಹೃದಯದ್ದಕ್ಕೆ ಜಯದೇವ ಹತ್ತಿರ. ಜನೌಷಧಿ ಕೇಂದ್ರಗಳಲ್ಲಿ ಬೆಲೆ ತೀರಾ ಕಡಿಮೆ, 'ಜನೌಷಧಿ ಸುಗಮ್' ಆ್ಯಪಿನಲ್ಲಿ ಹತ್ತಿರದ್ದು ಎಲ್ಲಿದೆ ಎಂದು ನೋಡಬಹುದು. ಅಲ್ಲಿ ಬ್ರಾಂಡ್ ಹೆಸರು ಹೇಳಿದರೆ ಪ್ರಯೋಜನವಿಲ್ಲ, ಮೂಲ ಹೆಸರನ್ನೇ ಹೇಳಬೇಕು.

ಎಷ್ಟು ಕೊಳ್ಳಬೇಕು? ಪ್ರವಾಸದ ಉಳಿದ ದಿನಗಳು, ಮೇಲೆ ಎರಡು ದಿನ. ರೈಲು ತಡವಾಗುವುದುಂಟು. ಸ್ಟ್ರಿಪ್ ಕತ್ತರಿಸಿ ಕೊಡುವುದಿಲ್ಲ ಎಂದರೆ ಪೂರ್ತಿ ಕೊಂಡುಬಿಡಿ, ಅದೇ ಔಷಧ ಊರಲ್ಲೂ ಖರ್ಚಾಗುತ್ತದೆ. ಕತ್ತರಿಸಿಕೊಟ್ಟರೆ ಒಂದು ಎಚ್ಚರ: ಎಕ್ಸ್‌ಪೈರಿ ತಾರೀಕು ಸ್ಟ್ರಿಪ್‌ನ ಒಂದೇ ತುದಿಯಲ್ಲಿ ಅಚ್ಚಾಗಿರುತ್ತದೆ, ನಿಮಗೆ ಸಿಗುವುದು ಇನ್ನೊಂದು ತುದಿ. ಕತ್ತರಿ ಹಾಕುವ ಮೊದಲು ಇಡೀ ಸ್ಟ್ರಿಪ್ ಕೈಗೆ ತೆಗೆದುಕೊಂಡು ತಾರೀಕು ನೋಡಿ, ಬ್ಯಾಚ್ ನಂಬರ್ ಇರುವ ಬಿಲ್ ಕೇಳಿ. ಕೌಂಟರ್ ಬಿಡುವ ಮೊದಲು ಮನೆಯಿಂದ ಬಂದ ಫೋಟೊ ಪಕ್ಕದಲ್ಲಿ ಸ್ಟ್ರಿಪ್ ಹಿಡಿದು ಔಷಧ, ಪವರ್, ಬಾಲ, ಮೂರನ್ನೂ ಓದಿ ನೋಡಿ.

ಜೋಡಿ ಮಾತ್ರೆ ಸಿಗದಿದ್ದರೆ ಬಿಡಿಬಿಡಿಯಾಗಿ ಬರೆಸಿಕೊಳ್ಳಬಹುದು. ಟೆಲ್ಮಾ-ಎಎಂ ಬದಲು ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5. ಸಾದಾ ಮಾತ್ರೆಯ 40 ಸಿಗದಿದ್ದರೆ 20ರದ್ದು ಎರಡು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಮಾತ್ರ ಪುಡಿ ಮಾಡಬೇಡಿ, ಡಾಕ್ಟರು ಹೇಳದೆ ಮುರಿಯಬೇಡಿ. ಫಿಟ್ಸ್ ಮಾತ್ರೆಯಲ್ಲಿ ಸಾಧ್ಯವಾದಷ್ಟು ಅದೇ ಕಂಪನಿಯದ್ದನ್ನೇ ಹುಡುಕಿ. ಕಂಪನಿ ಬದಲಾದಾಗ ರಕ್ತದಲ್ಲಿನ ಮಟ್ಟ ಸ್ವಲ್ಪ ಏರುಪೇರಾದರೂ ಕೆಲವರಿಗೆ ಫಿಟ್ಸ್ ಮರಳುತ್ತದೆ. ಇದರಲ್ಲಿ ಇನ್ನೆರಡು ಅಂಗಡಿ ತಿರುಗಿದರೂ ನಷ್ಟವಿಲ್ಲ.

ಇನ್ಸುಲಿನ್: ಮುಚ್ಚಳದ ಬಣ್ಣ ನೋಡಿ

ಇದಕ್ಕೆ ಬೇರೆಯೇ ಜಾಗ ಕೊಡಬೇಕು. ಇಲ್ಲಿ ಆಗುವ ತಪ್ಪು ಪ್ರಾಣಕ್ಕೇ ಬರುತ್ತದೆ. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಒಂದು ಮಿಲಿಲೀಟರಿಗೆ 100. ಸಿರಿಂಜ್‌ಗಳೂ ಎರಡು ಬಗೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ.

ಪೆನ್ನು ಮನೆಯಲ್ಲಿ ಬಿಟ್ಟು ಬಂದವರು ಕಾರ್ಟ್ರಿಜ್ ಒಂದನ್ನು ಕೊಂಡು, ಕೈಗೆ ಸಿಕ್ಕ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರು ಅನ್ನಿ. ಒಳಗೆ ಬಂದದ್ದು ಅರ್ಧ ಮಿಲಿಲೀಟರ್, ಅಂದರೆ 50 ಯೂನಿಟ್, ಬೇಕಾದದ್ದರ ಎರಡೂವರೆ ಪಟ್ಟು. ತಿರುವುಮುರುವಾಗಿ 40ರ ಸೀಸೆಯನ್ನು ಕಿತ್ತಳೆ ಸಿರಿಂಜ್‌ನಲ್ಲಿ 20ರವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ಆದ್ದರಿಂದ ಕಾರ್ಟ್ರಿಜ್ ಕೊಂಡರೆ ಅದಕ್ಕೆ ಹೊಂದುವ, ಅದೇ ಕಂಪನಿಯ ಪೆನ್ನನ್ನೋ, ಔಷಧ ತುಂಬಿಯೇ ಬರುವ ಪೆನ್ನನ್ನೋ ಕೊಳ್ಳಿ. ಇಲ್ಲವಾದರೆ ಡಾಕ್ಟರನ್ನು ಕೇಳಿ 40ರ ಸೀಸೆ ಮತ್ತು ಕೆಂಪು ಮುಚ್ಚಳದ ಸಿರಿಂಜ್ ಜೊತೆಯಾಗಿ ಕೊಳ್ಳಿ. ಸೀಸೆಯ ಲೇಬಲ್ಲನ್ನೂ ಸಿರಿಂಜ್‌ನ ಗೆರೆಗಳ ಪಕ್ಕ ಬರೆದ ಸಂಖ್ಯೆಯನ್ನೂ ಒಟ್ಟಿಗೆ ಹಿಡಿದು ಓದಿ.

ಫ್ರಿಜ್‌ನಿಂದ ತೆಗೆದುಕೊಟ್ಟದ್ದನ್ನೇ ಕೊಳ್ಳಿ. ಶೆಲ್ಫಿನಲ್ಲಿ ಇಟ್ಟದ್ದು ಬೇಡ. ಬಳಕೆಗೆ ತೆರೆದ ಮೇಲೆ ತಂಪಾದ ನೆರಳಿನಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ, ಬಿಸಿಲಿಗೆ ನಿಂತ ಕಾರಿನೊಳಗೆ ಒಂದು ಮಧ್ಯಾಹ್ನಕ್ಕೇ ಕೆಡಬಹುದು. ಹೋಟೆಲ್ ಫ್ರಿಜ್‌ನ ಫ್ರೀಜರ್ ಭಾಗದಲ್ಲಿ ಇಡಲೇಬೇಡಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು.

ರೈಲಿನಲ್ಲಿ, ಬೆಟ್ಟದ ಮೇಲೆ

ರೈಲಿನಲ್ಲಿ ಆರೋಗ್ಯ ಕೆಟ್ಟರೆ 139ಕ್ಕೆ ಫೋನ್ ಮಾಡಿ, ಟಿಟಿಇಗೂ ಹೇಳಿ. ಪಿಎನ್‌ಆರ್, ಬೋಗಿ, ಸೀಟು, ಏನಾಗಿದೆ, ಯಾವ ಔಷಧ ಎಂದು ತಿಳಿಸಿದರೆ ಮುಂದಿನ ದೊಡ್ಡ ನಿಲ್ದಾಣಕ್ಕೆ ಡಾಕ್ಟರನ್ನು ಕರೆಸುತ್ತಾರೆ. ಬರುವವರ ಬ್ಯಾಗಿನಲ್ಲಿ ತುರ್ತಿನ ಔಷಧಗಳಿರುತ್ತವೆ, ನಿಮ್ಮ ಟ್ಯಾಕ್ರೊಲಿಮಸ್ ಇರುವುದಿಲ್ಲ. ಆರೋಗ್ಯ ಚೆನ್ನಾಗಿದ್ದು ಬರೀ ಮಾತ್ರೆ ಬೇಕಿದ್ದರೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ನಿಲ್ದಾಣ ನೋಡಿ, ಆ ಊರಲ್ಲಿ ನೆಂಟರೋ ಪರಿಚಯದವರೋ ಇದ್ದರೆ ಚೀಟಿಯನ್ನು ಅವರಿಗೆ ಕಳಿಸಿ, ಬೋಗಿ ಬಾಗಿಲಿಗೇ ತರಿಸಿಕೊಳ್ಳುವುದು ಲೇಸು. ನೀವೇ ಇಳಿದು ಓಡುವುದು ಬೇಡ.

ತಿರುಮಲೆಯಲ್ಲಿ ಬೆಟ್ಟದ ಮೇಲೆಯೇ ಟಿಟಿಡಿಯ ಅಶ್ವಿನಿ ಆಸ್ಪತ್ರೆ ಇದೆ. ಫಿಟ್ಸ್, ಹೃದಯ, ಇನ್ಸುಲಿನ್ ಮರೆತವರು ಮೆಟ್ಟಿಲು ಹತ್ತುವ ಮೊದಲೇ, ಕೆಳಗೆ ತಿರುಪತಿಯಲ್ಲೇ ಹೊಂದಿಸಿಕೊಳ್ಳಬೇಕು.

ಸರ್ಕಾರದಿಂದಲೇ ಬರುವ ಮಾತ್ರೆಗಳು

ಟಿಬಿ ಮಾತ್ರೆ ತಪ್ಪಿದರೆ ಹತ್ತಿರದ ಯಾವುದೇ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ನಿಕ್ಷಯ್ ಐಡಿ (ಟಿಬಿ ಚಿಕಿತ್ಸೆಗೆ ನೋಂದಾಯಿಸಿದಾಗ ಕೊಟ್ಟ ಸಂಖ್ಯೆ) ತೋರಿಸಿ, ಸಹಾಯವಾಣಿ 1800-11-6666. ಎಚ್‌ಐವಿ ಔಷಧಕ್ಕೆ ದೇಶದ ಯಾವುದೇ ಎಆರ್‌ಟಿ ಕೇಂದ್ರದಲ್ಲಿ ಕೇಳಬಹುದು, ನಿಮ್ಮ ಎಆರ್‌ಟಿ ಪುಸ್ತಕದ ಫೋಟೊ ಸಾಕಷ್ಟು ಸಹಾಯ ಮಾಡುತ್ತದೆ, ಸಹಾಯವಾಣಿ 1097. ಎರಡರಲ್ಲೂ ಬಿಟ್ಟು ಬಿಟ್ಟು ತಿಂದರೆ ರೋಗಾಣು ಔಷಧಕ್ಕೆ ಬಗ್ಗದಂತಾಗುತ್ತದೆ.

ಮತ್ತೆ ಶುರು ಮಾಡುವಾಗ

ತಪ್ಪಿದ್ದನ್ನು ಸೇರಿಸಿ ಎರಡೆರಡು ನುಂಗಬೇಡಿ. ದಿನಕ್ಕೊಂದರ ಮಾತ್ರೆ ಅದೇ ದಿನ ಸಿಕ್ಕರೆ ತೆಗೆದುಕೊಳ್ಳಿ, ಮುಂದಿನ ಹೊತ್ತು ಹತ್ತಿರವಾಗಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ. ಗ್ಲಿಮೆಪಿರೈಡ್ ಇರುವ ಶುಗರ್ ಮಾತ್ರೆಯನ್ನು ಊಟ ಎದುರಿಗೆ ಬಂದ ಮೇಲೆಯೇ ಬಾಯಿಗೆ ಹಾಕಿ. ಎರಡು ಔಷಧಗಳ ವಿಷಯದಲ್ಲಿ ಮಾತ್ರ ಹಳೆಯ ಪ್ರಮಾಣಕ್ಕೇ ಮರಳುವಂತಿಲ್ಲ: ಫಿಟ್ಸ್‌ಗೆ ಕೊಡುವ ಲ್ಯಾಮೊಟ್ರಿಜಿನ್ ಐದು ದಿನದಷ್ಟು ತಪ್ಪಿದ್ದರೆ, ಮನೋರೋಗಕ್ಕೆ ಕೊಡುವ ಕ್ಲೋಜಪಿನ್ ತಪ್ಪಿ 48 ಗಂಟೆ ದಾಟಿದ್ದರೆ. ಮೊದಲನೆಯದರಲ್ಲಿ ಅಪಾಯಕಾರಿ ಚರ್ಮದ ಗುಳ್ಳೆ, ಎರಡನೆಯದರಲ್ಲಿ ಬಿಪಿ ಕುಸಿತದ ಭಯ. ಎರಡನ್ನೂ ಡಾಕ್ಟರು ಕಡಿಮೆ ಪ್ರಮಾಣದಿಂದ ಮತ್ತೆ ಏರಿಸಬೇಕು. ಅಸಿಟ್ರೋಮ್ ಅಥವಾ ವಾರ್ಫರಿನ್ ತಪ್ಪಿದ್ದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ಯಾವಾಗ ಮಾಡಿಸಬೇಕೆಂದು ಡಾಕ್ಟರನ್ನು ಕೇಳಿಕೊಳ್ಳಿ.

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋದಾಗ

ಅಲ್ಲಿನ ಫಾರ್ಮಸಿಯಲ್ಲಿ ನಮ್ಮ ಡಾಕ್ಟರ ಚೀಟಿ ನಡೆಯುವುದಿಲ್ಲ. ಅರ್ಜೆಂಟ್ ಕೇರ್ ಎಂಬ, ಮೊದಲೇ ಸಮಯ ಗೊತ್ತುಮಾಡದೆ ಹೋಗಬಹುದಾದ ಕ್ಲಿನಿಕ್‌ಗೆ ಹೋಗಿ ಅಥವಾ ಆ ದೇಶದ ಲೈಸೆನ್ಸ್ ಇರುವ ಡಾಕ್ಟರ ಜೊತೆ ವಿಡಿಯೊದಲ್ಲಿ ಮಾತಾಡಿ ಹೊಸ ಚೀಟಿ ಪಡೆಯಬೇಕು. ಹೆಸರಿನ ತೊಡಕು ಇಲ್ಲಿ ಇನ್ನೂ ದೊಡ್ಡದು. ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್, ಸಾಲ್ಬುಟಮಾಲ್ ಅಲ್ಲಿ ಅಲ್ಬುಟೆರಾಲ್, ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್. ನಮ್ಮಲ್ಲಿ ಮನೆಮನೆಯಲ್ಲಿರುವ ಶುಗರ್ ಮಾತ್ರೆಗಳಾದ ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್, ಗ್ಲಿಕ್ಲಜೈಡ್, ವೋಗ್ಲಿಬೋಸ್, ಬಿಪಿಯ ಸಿಲ್ನಿಡಿಪಿನ್ ಅಲ್ಲಿ ಮಾರಾಟಕ್ಕೇ ಇಲ್ಲ. ಅಸಿಟ್ರೋಮ್ ಕೂಡ ಇಲ್ಲ, ವಾರ್ಫರಿನ್‌ಗೆ ಬದಲಾಯಿಸಬೇಕು. ಮಿಲಿಗ್ರಾಂಗೆ ಮಿಲಿಗ್ರಾಂ ಲೆಕ್ಕ ಹೊಂದುವುದಿಲ್ಲವಾದ್ದರಿಂದ ಐಎನ್‌ಆರ್ ನೋಡಿಕೊಂಡೇ ಮಾಡುವ ಕೆಲಸ ಅದು. ಕೊರಿಯರ್‌ನಲ್ಲಿ ತರಿಸಿಕೊಳ್ಳೋಣ ಎಂದರೆ ಕಸ್ಟಮ್ಸ್‌ನಲ್ಲಿ ತಡೆದಿಡಬಹುದು, ಅದನ್ನು ನಂಬಿ ದಿನ ಕಳೆಯಬೇಡಿ.

ಹಳೆಯ ಬಗೆಯ ಹ್ಯೂಮನ್ ಇನ್ಸುಲಿನ್ ಮಾತ್ರ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ನಮ್ಮ 30/70 ಮಿಶ್ರ ಇನ್ಸುಲಿನ್ ಅಲ್ಲಿ 70/30 ಎಂಬ ಹೆಸರಿನಲ್ಲಿರುತ್ತದೆ, ಸಂಖ್ಯೆ ತಿರುಗಿದ್ದರೂ ಮಿಶ್ರಣ ಒಂದೇ. ಆದರೆ ಸೀಸೆ ಒಂದು ಮಿಲಿಲೀಟರಿಗೆ 100 ಯೂನಿಟ್‌ನದ್ದು. ಊರಿಂದ ತಂದ ಕೆಂಪು ಮುಚ್ಚಳದ ಸಿರಿಂಜ್ ಬ್ಯಾಗಿನಲ್ಲಿ ಉಳಿದಿದ್ದರೆ ಅದನ್ನು ಬದಿಗಿಟ್ಟು, ಸೀಸೆಯ ಜೊತೆಗೆ ಅಲ್ಲಿನ ಸಿರಿಂಜ್ ಕೊಳ್ಳಿ.